ಮಾಳಿಗೆ ಅಂದರೆ ಯಾವ ಮಾಳಿಗೆ?

ಮಕ್ಕಳೇ,

ಹೋದ ಶನಿವಾರ ಸಂಜೆ ನೀವು ಮೂವರೂ ನಮ್ಮ ತಾರಸಿಗೆ ಬಂದು ಕೂತಾಗ ಹೇಳಬೇಕೆಂದುಕೊಂಡಿದ್ದರಲ್ಲಿ ಅರ್ಧ ಹೇಳಿದೆ, ಅರ್ಧ ಬಾಯಲ್ಲೇ ಉಳಿಯಿತು. ಪಿಜಿಯಲ್ಲಿ ಊಟದ ಹೊತ್ತು ಮೀರುತ್ತದೆ ಎಂದು ನೀವು ಎದ್ದು ಹೊರಟಿರಿ. ವಯಸ್ಸಾದವರಿಗೆ ಹೇಳದೆ ಉಳಿದ ಮಾತು ನಿದ್ದೆ ಮಾಡಗೊಡುವುದಿಲ್ಲ. ಅದಕ್ಕೇ ಬರೆದಿಟ್ಟಿದ್ದೇನೆ. ಓದಿ, ಬೇಕಾದ್ದು ಇಟ್ಟುಕೊಳ್ಳಿ, ಬೇಡದ್ದು ಬಿಡಿ.

ನಿಮ್ಮ ಯೋಜನೆ ನನಗೆ ನೆನಪಿದೆ. ಸೆಮಿಸ್ಟರ್ ಮುಗಿಯುವುದರೊಳಗೆ ನಾಲ್ಕು ನಿಮಿಷದ ಒಂದು ಮ್ಯೂಸಿಕ್ ವಿಡಿಯೊ. ಹಾಡು ಶಿಶುನಾಳ ಷರೀಫರದು, ಮನೆಯ ಮಾಳಿಗೆ ಸೋರುವುದನ್ನು ಹೇಳುವ ತತ್ವಪದ. ಹಳೇ ಯಲಹಂಕದಲ್ಲಿ ಒಂದು ಹೆಂಚಿನ ಮನೆ ಹಿಡಿಯುವುದು, ಟ್ಯಾಂಕರ್ ತರಿಸಿ ಮಳೆ ಸುರಿಸುವುದು, ಹೆಂಚಿನ ಸಂದಿಯಿಂದ ನೀರು ಧಾರೆಯಾಗಿ ಇಳಿಯುವುದು, ಕೆಳಗೆ ಹುಡುಗಿಯೊಬ್ಬಳು ಪಾತ್ರೆ ಹಿಡಿದು ನೆನೆಯುತ್ತಾ ಓಡಾಡುವುದು, ಕೊನೆಗೆ ಡ್ರೋನ್ ಮೇಲೇರಿ ಇಡೀ ಊರನ್ನು ತೋರಿಸುವುದು. "ಅಂಕಲ್, ಹೆಂಚಿನ ಮನೆ ಯಾವುದಾದರೂ ಗೊತ್ತಾ?" ಎಂದು ಕೇಳಿದಿರಿ. ನಾನು "ಮಾಳಿಗೆ ಅಂದರೆ ಯಾವ ಮಾಳಿಗೆ?" ಎಂದು ತಿರುಗಿ ಕೇಳಿದೆ. ನೀವು ಮುಖ ಮುಖ ನೋಡಿಕೊಂಡಿರಿ. "ಮಾಳಿಗೆ ಅಂದರೆ ಚಾವಣಿ ಅಲ್ವಾ ಅಂಕಲ್?"

ಅಲ್ಲಿಂದಲೇ ಶುರು ಮಾಡುತ್ತೇನೆ.

ಷರೀಫರು ಹುಟ್ಟಿದ್ದು 1819ರಲ್ಲಿ, ಈಗಿನ ಹಾವೇರಿ ಜಿಲ್ಲೆಯ ಶಿಶುನಾಳದಲ್ಲಿ. ತೀರಿಕೊಂಡಿದ್ದು 1889ರಲ್ಲಿ. ಉತ್ತರ ಕರ್ನಾಟಕದ ಬಯಲುಸೀಮೆಯಲ್ಲಿ ಮಾಳಿಗೆ ಮನೆ ಎಂದರೆ ಮಣ್ಣಿನ ಚಪ್ಪಟೆ ಸೂರಿನ ಮನೆ. ಗೋಡೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಹಲಗೆಯೋ ಕಡ್ಡಿಯೋ ಹಾಸಿ, ಎಲ್ಲಕ್ಕೂ ಮೇಲೆ ಮಣ್ಣು ಹಾಕಿ ಬಡಿದು ಗಟ್ಟಿ ಮಾಡುತ್ತಾರೆ. ಕಾಳು ಒಣಗಿಸುವುದು ಅಲ್ಲೇ, ಬೇಸಿಗೆಯಲ್ಲಿ ಮಲಗುವುದೂ ಅಲ್ಲೇ. ಒಳಗೆ ಬೆಳಕು ಬರಲು ಮಾಳಿಗೆಯಲ್ಲೊಂದು ಬೆಳಕಿಂಡಿ. ಇನ್ನು ನೀವು ಹುಡುಕುತ್ತಿರುವ ಮಂಗಳೂರು ಹೆಂಚು? ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದೇ 1865ರಲ್ಲಿ. ಆಗ ಷರೀಫರಿಗೆ ನಲವತ್ತಾರು ವರ್ಷ. ನಿಮ್ಮ ವಿಡಿಯೊದಲ್ಲಿ ಸೋರುವ ಸೂರು ಷರೀಫರ ಪದದ ಸೂರೇ ಅಲ್ಲ.

"ಪರವಾಗಿಲ್ಲ ಬಿಡಿ ಅಂಕಲ್, ಯಾರಿಗೆ ಗೊತ್ತಾಗುತ್ತೆ" ಎಂದು ನಿಮ್ಮಲ್ಲೊಬ್ಬ ಅಂದ. ಧಾರವಾಡದ ಕಡೆಯ ಒಬ್ಬ ಅಜ್ಜಿಗೆ ಗೊತ್ತಾಗುತ್ತದೆ, ಅದು ಹಾಗಿರಲಿ. ನಿಮಗೇ ಆಗುವ ನಷ್ಟ ನೋಡಿ. ಹೆಂಚು ಒಡೆದರೆ ನೀರು ಒಮ್ಮೆಲೇ ಸುರಿಯುತ್ತದೆ. ಆ ಹೆಂಚು ಬದಲಿಸಿದರೆ ಮುಗಿಯಿತು. ಮಣ್ಣಿನ ಮಾಳಿಗೆ ಹಾಗಲ್ಲ. ವರ್ಷಕ್ಕೊಮ್ಮೆ ಮೇಲೆ ಹತ್ತಿ, ಬಿರುಕು ನೋಡಿ, ಹುಲ್ಲು ಕಿತ್ತು, ಹೊಸ ಮಣ್ಣು ಹಾಕಬೇಕು. ಒಂದು ವರ್ಷ ಸೋಮಾರಿತನ ಮಾಡಿದರೆ ನೀರು ಜಿನುಗಿ ಜಿನುಗಿ ಗೋಡೆಯ ಮೇಲೆ ಒಂದು ಕಲೆ ಮೂಡುತ್ತದೆ. ಅದು ಅಂಗೈಯಷ್ಟಾಗುತ್ತದೆ, ಮೊರದಷ್ಟಾಗುತ್ತದೆ, ಒಂದು ರಾತ್ರಿ ತೊಟ್ಟಿಕ್ಕಲು ಶುರುವಾಗುತ್ತದೆ. ಆ ಪದದಲ್ಲಿ ಅಜ್ಞಾನದಿಂದ ಮಾಳಿಗೆ ಸೋರುವುದು ಹೀಗೆ, ನಿಧಾನವಾಗಿ, ನಮ್ಮದೇ ಉದಾಸೀನದಿಂದ. ಸೂರು ಭದ್ರಪಡಿಸುವ ಕೈ ಮನೆಯಲ್ಲಿಲ್ಲ ಎಂಬ ಅಳಲಿಗೆ ಅರ್ಥ ಬರುವುದು ಮಣ್ಣಿನ ಮಾಳಿಗೆಯಲ್ಲಿ ಮಾತ್ರ. ಈಗ ಹೇಳಿ, ನಿಮಗೆ ಟ್ಯಾಂಕರ್ ಬೇಕೇ? ಗೋಡೆಯ ಮೇಲೆ ಬೆಳೆಯುವ ಒಂದು ಕಲೆ ಸಾಕು. ಟ್ಯಾಂಕರಿನ ದುಡ್ಡು ಉಳಿಯಿತು, ಜೊತೆಗೆ ಮಳೆಯಲ್ಲಿ ನೆನೆಯುವ ನೂರು ವಿಡಿಯೊಗಳಿಂದ ನಿಮ್ಮದು ಬೇರೆಯಾಯಿತು. ಇಷ್ಟೂ ಸಿಕ್ಕಿದ್ದು ಒಂದೇ ಪದದ ಅರ್ಥ ಕೇಳಿದ್ದರಿಂದ.

ನನ್ನ ಕಿವಿಮಾತು ಇದೇ. ಮ್ಯೂಸಿಕ್ ವಿಡಿಯೊ ಮಾಡುವವರು ಬರೀ ಮ್ಯೂಸಿಕ್ ವಿಡಿಯೊ ನೋಡಿಕೊಂಡು ಕೂತರೆ ಇನ್ನೊಬ್ಬರ ಎಂಜಲೇ ಗತಿ. ಹಾಡು ಎಲ್ಲಿಂದ ಬಂತೋ ಅಲ್ಲಿಗೆ ಹೋಗಬೇಕು: ನಿಘಂಟಿಗೆ, ಊರಿಗೆ, ಕವಿಯ ಬದುಕಿಗೆ, ವಾದ್ಯದ ಹತ್ತಿರಕ್ಕೆ. ಓದು, ಸಂಶೋಧನೆ ಎಂದರೆ ನಿಮ್ಮ ಕಾಲೇಜಿನವರು ಫೈಲಿನಲ್ಲಿ ಹಾಕಲು ಹೇಳುವ ನಾಲ್ಕು ಹಾಳೆ ಅಂದುಕೊಂಡಿದ್ದೀರಿ. ಶಾಟ್ ಹುಟ್ಟುವುದೇ ಅಲ್ಲಿ.

ಹಾಗಾದರೆ ಮೊದಲು ನಿಘಂಟು. ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರದು, ಇವತ್ತಿಗೂ ಹಳೆಯ ಪದಕ್ಕೆ ಅದನ್ನೇ ತೆರೆಯುತ್ತೇನೆ. ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟು ಎಂಟು ಸಂಪುಟ. ಗ್ರಂಥಾಲಯದಲ್ಲಿ ಕೇಳಿ ನೋಡಿ. ಹಾಡಿನ ಸಾಹಿತ್ಯವನ್ನು ಕೈಯಲ್ಲಿ ಬರೆದುಕೊಳ್ಳಿ, ಟೈಪ್ ಮಾಡಬೇಡಿ. ಗೊತ್ತಿಲ್ಲದ ಪದದ ಕೆಳಗೆ ಗೆರೆ ಎಳೆಯುವುದು ಎಲ್ಲರೂ ಮಾಡುತ್ತಾರೆ. ನೀವು ಗೊತ್ತಿದೆ ಅಂದುಕೊಂಡ ಪದದ ಕೆಳಗೂ ಎಳೆಯಿರಿ. ಮೋಸ ಮಾಡುವುದು ಅವೇ. ಮಾಳಿಗೆ ನಿಮಗೆ ಗೊತ್ತಿದ್ದ ಪದವಾಗಿತ್ತಲ್ಲವೇ?

ಆಮೇಲೆ ಬರೆದವರು ಯಾರು ಎಂದು ನೋಡಿ. ನಮ್ಮ ಪಕ್ಕದ ದೇವನಹಳ್ಳಿಯಲ್ಲಿ ಹುಟ್ಟಿದ ಕವಿ ನಿಸಾರ್ ಅಹಮದರು ಭೂವಿಜ್ಞಾನ ಓದಿದವರು, ಅದನ್ನೇ ಕಾಲೇಜಿನಲ್ಲಿ ಪಾಠ ಮಾಡಿದವರು. 1978ರಲ್ಲಿ ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ಅವರ ಕವಿತೆಗಳ 'ನಿತ್ಯೋತ್ಸವ' ಕ್ಯಾಸೆಟ್ ಬಂದಾಗ ಮನೆಮನೆಯಲ್ಲೂ ಕೇಳಿದೆವು. ಕನ್ನಡ ಭಾವಗೀತೆಯ ಕ್ಯಾಸೆಟ್ ಯುಗ ಶುರುವಾದದ್ದೇ ಅದರಿಂದ. ಆಗ ಹಾಡಿಗೆ ಚಿತ್ರವಿರಲಿಲ್ಲ. ಕಣ್ಣು ಮುಚ್ಚಿದರೆ ನಮ್ಮದೇ ನದಿ, ನಮ್ಮದೇ ಕಾಡು ಕಾಣುತ್ತಿತ್ತು. ಈಗ ಅಂಥ ಹಾಡಿಗೆ ಯಾರಾದರೂ ವಿಡಿಯೊ ಮಾಡಿದರೆ ಕಣ್ಣು ಮುಚ್ಚಿಕೊಂಡು ಒಂದು ಜಲಪಾತದ ಡ್ರೋನ್ ಶಾಟ್ ಹಾಕುತ್ತಾರೆ. ಬರೆದವರು ಕಲ್ಲು ಮಣ್ಣು ಬಲ್ಲ ಮನುಷ್ಯ ಎಂದು ಗೊತ್ತಿದ್ದ ಹುಡುಗ ನೀರನ್ನು ಬಿಟ್ಟು ನೀರು ಕೊರೆದ ಬಂಡೆಯತ್ತ ಕ್ಯಾಮೆರಾ ತಿರುಗಿಸಬಹುದು. ಒಂದು ಸಣ್ಣ ಸಂಗತಿ ಎಂಥ ಕೋನ ಕೊಡುತ್ತದೆ ನೋಡಿ.

ಷರೀಫರ ವಿಷಯದಲ್ಲಿ ಗುರು ಗೋವಿಂದಭಟ್ಟರನ್ನು ಬಿಟ್ಟು ಮುಂದೆ ಹೋಗಬೇಡಿ. ಮುಸ್ಲಿಂ ಶಿಷ್ಯ, ಬ್ರಾಹ್ಮಣ ಗುರು. ಆ ಬಾಂಧವ್ಯದಿಂದ ಹುಟ್ಟಿದ ಪದಗಳಿವು. 1990ರಲ್ಲಿ ನಾಗಾಭರಣರು 'ಸಂತ ಶಿಶುನಾಳ ಷರೀಫ' ಚಿತ್ರ ಮಾಡಿದರು. ಷರೀಫರಾಗಿ ಶ್ರೀಧರ್, ಗೋವಿಂದಭಟ್ಟರಾಗಿ ಗಿರೀಶ ಕಾರ್ನಾಡ, ಸಂಗೀತ ಸಿ. ಅಶ್ವತ್ಥ್. ಅದನ್ನು ನೋಡಿ. ಆಮೇಲೆ ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಂನಲ್ಲಿ ಷರೀಫರನ್ನು ಗಿಟಾರಿನ ಜೊತೆ ಹೇಗೆ ಹಾಡಿದರು ಕೇಳಿ. ಕೊನೆಗೆ ಯಾವುದಾದರೂ ಊರಿನ ಭಜನೆಯಲ್ಲಿ ಏಕತಾರಿ, ದಮ್ಮಡಿ ಹಿಡಿದು ಹಾಡುವವರ ಮುಂದೆ ಕೂತು ಕೇಳಿ. ಒಬ್ಬನೇ ಕವಿ ಮೂರು ಬಾಗಿಲಿನಿಂದ ಒಳಗೆ ಬರುತ್ತಾನೆ. ನಿಮ್ಮದು ನಾಲ್ಕನೆಯ ಬಾಗಿಲಾಗಬೇಕು.

ನಿಮ್ಮ ಸಿಲಬಸ್ಸಿನಲ್ಲಿ ಆಂಡ್ರ್ಯೂ ಗುಡ್ವಿನ್ ಇದ್ದಾರೆ, ನನಗೆ ಗೊತ್ತು. ನಿಮ್ಮ ನೋಟ್ಸು ಟೀಪಾಯಿ ಮೇಲೆ ಬಿಟ್ಟುಹೋಗಿದ್ದಿರಿ, ಓದಿದೆ. ಎಂಟಿವಿ ಶುರುವಾಗಿದ್ದು 1981ರ ಆಗಸ್ಟ್ 1ರಂದು. ಹನ್ನೊಂದು ವರ್ಷದ ಮೇಲೆ, 1992ರಲ್ಲಿ, ಗುಡ್ವಿನ್ ಪುಸ್ತಕ ಬರೆದು ಹಾಡಿನ ಮಾತಿಗೂ ಚಿತ್ರಕ್ಕೂ ಮೂರು ಬಗೆಯ ನಂಟು ಎಂದರು. ಹಾಡು ಹೇಳಿದ್ದನ್ನೇ ಚಿತ್ರ ತೋರಿಸುವುದು ಒಂದು, ಹೇಳಿದ್ದಕ್ಕೆ ಹೊಸದೊಂದು ಸೇರಿಸುವುದು ಇನ್ನೊಂದು, ಹೇಳಿದ್ದರಿಂದ ಬೇರೆಯಾಗಿ ನಿಲ್ಲುವುದು ಮೂರನೆಯದು. ಚೆನ್ನಾಗಿದೆ. ಆದರೆ ಇದೇ ಪ್ರಶ್ನೆಯನ್ನು ನಮ್ಮವರು ಸಾವಿರ ವರ್ಷಕ್ಕೂ ಹಿಂದೆ ಕಾವ್ಯದ ಬಗ್ಗೆ ಕೇಳಿದ್ದಾರೆ. ಒಂಬತ್ತನೆಯ ಶತಮಾನದ ಆನಂದವರ್ಧನನ 'ಧ್ವನ್ಯಾಲೋಕ' ಅದೇ. ಸಂಸ್ಕೃತ ಬೇಡ ಎಂದರೆ ತೀ. ನಂ. ಶ್ರೀಕಂಠಯ್ಯನವರ 'ಭಾರತೀಯ ಕಾವ್ಯಮೀಮಾಂಸೆ' ಕನ್ನಡದಲ್ಲೇ ಇದೆ.

ಅಲಂಕಾರಶಾಸ್ತ್ರದವರು ಕೊಡುವ ಹಳೆಯ ಉದಾಹರಣೆ ಒಂದಿದೆ: ಗಂಗೆಯಲ್ಲಿ ಹಳ್ಳಿ. ನೀರಿನ ಮೇಲೆ ಹಳ್ಳಿ ಹೇಗಿದ್ದೀತು? ಪದದ ನೇರ ಅರ್ಥ ನಿಲ್ಲುವುದಿಲ್ಲ. ಗಂಗೆಯ ದಡದಲ್ಲಿ ಹಳ್ಳಿ ಎಂಬುದು ಎರಡನೆಯ ಅರ್ಥ. ಹಾಗಿದ್ದರೆ ದಡ ಎಂದೇ ಹೇಳಬಹುದಿತ್ತಲ್ಲ? ಆ ಹಳ್ಳಿಯ ತಂಪು, ಪಾವಿತ್ರ್ಯ ಕೇಳುವವನ ಮನಸ್ಸಿಗೆ ತಟ್ಟಲಿ ಎಂದು ಹಾಗೆ ಹೇಳಿದ್ದು. ಆ ಮೂರನೆಯದೇ ಧ್ವನಿ. ಈಗ ನಿಮ್ಮ ಶಾಟುಗಳ ಪಟ್ಟಿ ತೆಗೆಯಿರಿ. ಮಾಳಿಗೆ ಎಂದಾಗ ಮಾಳಿಗೆ, ನೀರು ಎಂದಾಗ ನೀರು, ಕತ್ತಲೆ ಎಂದಾಗ ಕತ್ತಲೆ. ಎಲ್ಲ ಮೊದಲನೆಯದರಲ್ಲೇ ನಿಂತಿದೆ. ಹಾಡು ಈಗಾಗಲೇ ಹೇಳಿದ್ದನ್ನು ಮತ್ತೆ ತೋರಿಸುವುದು ಕುರುಡರಿಗೆ ಹಾಡು, ಕಿವುಡರಿಗೆ ಚಿತ್ರ ಎಂದು ಹಂಚಿದ ಹಾಗೆ. ಎರಡೂ ಇರುವವರಿಗೆ ಏನು ಕೊಡುತ್ತೀರಿ?

ಸಿದ್ಧಾಂತವನ್ನು ಅಡುಗೆ ಮುಗಿದ ಮೇಲೆ ಒಗ್ಗರಣೆ ಹಾಕುವಂತೆ ವರದಿಯ ಕೊನೆಗೆ ಹಾಕುತ್ತೀರಿ. ಅದನ್ನು ಮೊದಲೇ ಪಾತ್ರೆಗೆ ಹಾಕಿ. ಲಾರಾ ಮಲ್ವಿ 1975ರಲ್ಲಿ ಬರೆದ ಪ್ರಬಂಧ ನಿಮ್ಮ ನೋಟ್ಸಿನಲ್ಲಿದೆ: ಸಿನಿಮಾದ ಕಣ್ಣು ಗಂಡಿನ ಕಣ್ಣಾಗಿ, ಹೆಣ್ಣು ನೋಡಿಸಿಕೊಳ್ಳುವ ವಸ್ತುವಾಗುತ್ತಾಳೆ ಎಂಬ ವಾದ. ಅದನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದ ನೀವೇ ಪಾತ್ರೆ ಹಿಡಿದು ನೆನೆಯುವ ಹುಡುಗಿಯನ್ನು ಯೋಜನೆಗೆ ಹಾಕಿದ್ದೀರಿ. ಅವಳು ಅಲ್ಲಿ ಯಾಕಿದ್ದಾಳೆ? ಆ ಪದದಲ್ಲಿ ಮೊರೆಯಿಡುತ್ತಿರುವುದು ಷರೀಫರ ಜೀವ. ಆ ಜಾಗದಲ್ಲಿ ಕೂರಬೇಕಾದವರು ಯಾರು ಎಂದು ಯೋಚಿಸಿ. ನಿಮ್ಮ ಗುಂಪಿನ ಹುಡುಗಿಯನ್ನೂ ಕೇಳಿ. ಅವತ್ತು ಅವಳು ಮಾತಾಡಲಿಲ್ಲ, ಆದರೆ ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಇನ್ನು ಕಿವಿಯ ಮಾತು. ನಾನು ಎಡಿಟಿಂಗ್ ಟೇಬಲ್ಲಿನಲ್ಲಿ ಸಹಾಯಕನಾಗಿ ಸೇರಿದಾಗ ಕನ್ನಡ ಚಿತ್ರಗಳ ಕೆಲಸ ಬಹುಪಾಲು ಮದ್ರಾಸಿನಲ್ಲೇ ನಡೆಯುತ್ತಿತ್ತು. 35 ಎಂ.ಎಂ. ಫಿಲ್ಮ್ ಒಂದು ನಿಮಿಷಕ್ಕೆ 90 ಅಡಿ ಓಡುತ್ತದೆ. ನಾಲ್ಕು ನಿಮಿಷದ ಹಾಡಿಗೆ 360 ಅಡಿ. ಫಿಲ್ಮ್ ದುಬಾರಿ, ತಪ್ಪಿಗೆ ಜಾಗವಿಲ್ಲ. ಹಾಗಾಗಿ ಚಿತ್ರದ ಮುಖ ನೋಡುವ ಮೊದಲು ಹಾಡಿನ ಟ್ರ್ಯಾಕ್ ಮಾತ್ರ ಓಡಿಸಿ, ತಾಳದ ಪೆಟ್ಟು ಬಿದ್ದ ಕಡೆಯೆಲ್ಲ ಮೇಣದ ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದೆವು. ಪಲ್ಲವಿ ಎಲ್ಲಿ ಮುಗಿಯಿತು, ಚರಣಕ್ಕೆ ಮುಂಚಿನ ಬಿಜಿಎಂ ಎಷ್ಟು ಅಡಿ, ಗಾಯಕ ಉಸಿರು ತೆಗೆದುಕೊಂಡಿದ್ದು ಎಲ್ಲಿ, ಎಲ್ಲ ಬೆರಳ ತುದಿಯಲ್ಲಿರುತ್ತಿತ್ತು. ನಿಮಗೆ ಆ ಕಷ್ಟವಿಲ್ಲ, ಆದರೆ ಆ ಅಭ್ಯಾಸ ಬೇಕು. ಒಂದು ಹಾಳೆಯಲ್ಲಿ ನಾಲ್ಕು ಕಾಲಂ ಎಳೆಯಿರಿ: ಸೆಕೆಂಡು, ಮಾತು, ವಾದ್ಯ, ಮೌನ. ಮೂರನೆಯ ದಿನಕ್ಕೆ ಆ ಮೌನದ ಕಾಲಂ ತುಂಬತೊಡಗುತ್ತದೆ. ಕಟ್ ಮಾಡಬೇಕಾದ್ದು ಎಲ್ಲಿ ಎಂದು ಅದೇ ಹೇಳುತ್ತದೆ.

ನನ್ನ ಒಂದು ತಪ್ಪನ್ನೂ ಹೇಳಿಬಿಡುತ್ತೇನೆ. ಯಾವ ಚಿತ್ರ ಎಂದು ಕೇಳಬೇಡಿ. ಮದುವೆಯ ಹಾಡೊಂದಕ್ಕೆ ತುಂಡು ಶಾಟುಗಳನ್ನು ಹುಡುಕಿ ಕೊಡುವ ಕೆಲಸ ನನ್ನದಾಗಿತ್ತು. ಟ್ರ್ಯಾಕಿನಲ್ಲಿ ಶಹನಾಯಿ. ನಾನು ಹುಡುಕಿ ಕೊಟ್ಟದ್ದು ನಾಗಸ್ವರ ಊದುವವರ ಶಾಟು. ಎರಡೂ ಊದುವ ವಾದ್ಯವಲ್ಲವೇ ಎಂದುಕೊಂಡೆ. ಮಂಡ್ಯದ ಟಾಕೀಸಿನಲ್ಲಿ ಜನರ ನಡುವೆ ಕೂತು ನೋಡುವಾಗ ಹಿಂದಿನ ಸಾಲಿನಲ್ಲಿ ಯಾರೋ, "ವಾಲಗದೋರ್ ಕೈಲಿ ಶಹನಾಯಿ ಊದಿಸ್ತವ್ರಲ್ಲಪ್ಪಾ" ಎಂದು ನಕ್ಕರು. ಅವರ ಮನೆತನವೇ ವಾಲಗದ್ದಿರಬೇಕು. ಅವತ್ತು ಇಂಟರ್ವಲ್ಲಿಗೇ ಎದ್ದು ಬಂದೆ. ಮಿಶೆಲ್ ಶಿಯೋನ್ ಎಂಬ ಫ್ರೆಂಚ್ ಲೇಖಕ, ಸದ್ದೂ ಚಿತ್ರವೂ ಒಂದೇ ಗಳಿಗೆಯಲ್ಲಿ ಬಿದ್ದರೆ ಮನಸ್ಸು ಅವೆರಡನ್ನೂ ಬೆಸೆದು ಒಂದೇ ಎಂದು ನಂಬುತ್ತದೆ ಎಂದು ವಿವರಿಸಿದ್ದಾನೆ. ನಿಜ. ಆದರೆ ವಾಲಗದವರ ಮನಸ್ಸು ಬೆಸೆಯುವುದಿಲ್ಲ. ಆದ್ದರಿಂದ ಟ್ರ್ಯಾಕಿನಲ್ಲಿ ಯಾವ ವಾದ್ಯವಿದೆ, ಅದನ್ನು ಹೇಗೆ ಹಿಡಿಯುತ್ತಾರೆ, ಯಾವ ಕೈಯಲ್ಲಿ ನುಡಿಸುತ್ತಾರೆ ಎಂದು ನುಡಿಸುವವರನ್ನೇ ಕೇಳಿ. ಜೆ.ಪಿ. ನಗರದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯನ್ಸ್ ಸಂಗ್ರಹಾಲಯಕ್ಕೋ ರಾಮನಗರದ ಹತ್ತಿರದ ಜಾನಪದ ಲೋಕಕ್ಕೋ ಒಂದು ದಿನ ಹೋಗಿ ಬಂದರೆ ಹತ್ತು ವಿಡಿಯೊ ನೋಡಿದ್ದಕ್ಕಿಂತ ಹೆಚ್ಚು ಸಿಗುತ್ತದೆ.

ನೋಡುವುದೇ ಬೇಡ ಎಂದು ನಾನು ಹೇಳುತ್ತಿಲ್ಲ. ಏನು ನೋಡುತ್ತೀರಿ, ಹೇಗೆ ನೋಡುತ್ತೀರಿ ಎಂಬುದರ ಮೇಲಿದೆ. ಮೊದಲ ಸಲ ಸದ್ದು ತೆಗೆದು ನೋಡಿ, ಎರಡನೆಯ ಸಲ ಚಿತ್ರ ಮುಚ್ಚಿ ಕೇಳಿ, ಮೂರನೆಯ ಸಲ ಎರಡನ್ನೂ ಸೇರಿಸಿ. 1972ರ 'ನಾಗರಹಾವು' ಚಿತ್ರದಲ್ಲಿ ಜಯಂತಿ ಓಬವ್ವನಾಗಿ ಬರುವ ಹಾಡನ್ನು ಹೀಗೆ ನೋಡಿ. ಪುಟ್ಟಣ್ಣ ಕಣಗಾಲರು ಇತಿಹಾಸದ ಒಂದು ಕಥೆಯನ್ನು ಚಿತ್ರದುರ್ಗದ ಕೋಟೆಯಲ್ಲೇ ಇಟ್ಟು, ಹಾಡೊಂದರ ಅಳತೆಯಲ್ಲಿ ಇಡೀ ಹೇಳಿ ಮುಗಿಸಿದ್ದಾರೆ. ಸದ್ದು ತೆಗೆದರೂ ಕಥೆ ನಿಲ್ಲುತ್ತದೆ. ಮ್ಯೂಸಿಕ್ ವಿಡಿಯೊ ಎಂಬ ಹೆಸರು ನಮ್ಮಲ್ಲಿ ಬಳಕೆಗೆ ಬರುವ ಮೊದಲೇ ಆ ಕೆಲಸ ಕನ್ನಡದಲ್ಲಿ ಆಗಿತ್ತು. ದೂರದರ್ಶನದಲ್ಲಿ 1988ರ ಸ್ವಾತಂತ್ರ್ಯ ದಿನದಂದು ಮೊದಲು ಬಂದ 'ಮಿಲೇ ಸುರ್' ನೋಡಿ. ನಮ್ಮ ಗದಗಿನ ಭೀಮಸೇನ ಜೋಶಿಯವರ ದನಿಯಿಂದ ಶುರುವಾಗಿ ಒಂದೇ ಸಾಲು ಹತ್ತಾರು ಭಾಷೆಗಳನ್ನು ದಾಟುವಾಗ ಊರು ಹೇಗೆ ಬದಲಾಗುತ್ತದೆ, ರಾಗ ಹೇಗೆ ಹಿಡಿದಿಡುತ್ತದೆ ಗಮನಿಸಿ. ದುಡ್ಡಿಲ್ಲ ಎಂದು ಅಳುವವರು ಬಾಬ್ ಡಿಲನ್ 1965ರಲ್ಲಿ ಒಂದು ಓಣಿಯಲ್ಲಿ ನಿಂತು, ಬರೆದ ರಟ್ಟುಗಳನ್ನು ಒಂದೊಂದಾಗಿ ಬೀಳಿಸಿದ ತುಣುಕು ನೋಡಲಿ. ಖರ್ಚು ರಟ್ಟಿನದು ಮಾತ್ರ.

ಆದರೆ ನಿಮ್ಮ ಪದಕ್ಕೆ ನಾನು ತೋರಿಸಬೇಕೆಂದಿರುವುದು ಬೇರೆ. ಇಲ್ಲಿಂದ ಹೆಸರಘಟ್ಟಕ್ಕೆ ಬೈಕಿನಲ್ಲಿ ಹೋಗಿದ್ದೀರಲ್ಲ, ಅಲ್ಲಿ ಸರ್ಕಾರಿ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆ ಇದೆ. ಅದರ ಬೇರು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ 1943ರಲ್ಲಿ ಶುರುವಾದ ಸಿನಿಮಾಟೋಗ್ರಫಿ ತರಗತಿಯಲ್ಲಿದೆ. ಅಲ್ಲಿ ಕಲಿತವರು ಮೈಸೂರಿನ ವಿ.ಕೆ. ಮೂರ್ತಿ. ಪಿಟೀಲು ಬಲ್ಲವರು. ಬೆಂಗಳೂರಿನಲ್ಲೇ ಹುಟ್ಟಿದ ಗುರುದತ್ತರ ಜೊತೆ 1959ರಲ್ಲಿ 'ಕಾಗಜ್ ಕೇ ಫೂಲ್' ಮಾಡಿದರು. ಅದರಲ್ಲೊಂದು ಹಾಡು: ಖಾಲಿ ಸ್ಟುಡಿಯೊ, ಕತ್ತಲೆ, ಮೇಲಿನಿಂದ ಇಳಿದು ಬರುವ ಒಂದು ಬೆಳಕಿನ ಕೋಲು, ಅದರ ಆಚೆ ಈಚೆ ಇಬ್ಬರು. ಆ ಬೆಳಕಿಗೆ ದೊಡ್ಡ ಲೈಟು ಬಳಸಲಿಲ್ಲ. ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ಸ್ಟುಡಿಯೊದೊಳಕ್ಕೆ ತಿರುಗಿಸಿದರು. ಮೂರ್ತಿಯವರಿಗೆ 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಬಂತು. ಕನ್ನಡದಲ್ಲಿ ಅವರ ಕೆಲಸ ನೋಡಬೇಕಾದರೆ 1993ರ 'ಹೂವು ಹಣ್ಣು' ಇದೆ.

ಈಗ ಮಾಳಿಗೆ ಮನೆಯ ಬೆಳಕಿಂಡಿ ನೆನಪಿಸಿಕೊಳ್ಳಿ. ಕತ್ತಲೆ ಮನೆ, ಬೆಳಕಿಂಡಿಯಿಂದ ಇಳಿಯುವ ಬಿಸಿಲಿನ ಕೋಲು. ಪದ ಮುಂದುವರಿದಂತೆ ಅದೇ ಕಿಂಡಿಯಿಂದ, ಬೆಳಕು ಬೀಳುತ್ತಿದ್ದ ಜಾಗಕ್ಕೇ, ಒಂದು ಹನಿ. ನಿಮ್ಮ ಪಿಜಿಯ ಸ್ನಾನದ ಮನೆಯ ಕನ್ನಡಿ ಸಾಕು ಇದನ್ನು ತೆಗೆಯಲು. ನಿಘಂಟಿನಲ್ಲಿ ಸಿಕ್ಕ ಒಂದು ಪದವೂ 1959ರ ಒಂದು ಹಾಡೂ ಸೇರಿ ಕೊಟ್ಟ ಶಾಟು ಇದು. ಆದರೆ ಎರವಲು ತಂದದ್ದನ್ನು ಎರವಲು ಎಂದು ನಿಮ್ಮ ವರದಿಯಲ್ಲಿ ಬರೆಯಿರಿ. ಅದು ಅವಮಾನವಲ್ಲ, ಗುರುಕಾಣಿಕೆ.

ಊರಿನ ವಿಷಯಕ್ಕೆ ಬರೋಣ. ಡ್ರೋನ್ ಅಂದಿರಿ. ಯಲಹಂಕದಲ್ಲಿ ಡ್ರೋನ್! ವಾಯುನೆಲೆಯ ಕಾಂಪೌಂಡಿನ ಪಕ್ಕದಲ್ಲಿ ಬದುಕುತ್ತಾ ಈ ಮಾತು ಹೇಗೆ ಬಂತು ನಿಮಗೆ? 2021ರ ಡ್ರೋನ್ ನಿಯಮದ ಪ್ರಕಾರ ಕೆಂಪು ವಲಯದಲ್ಲಿ ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ಡಿಜಿಟಲ್ ಸ್ಕೈ ನಕ್ಷೆ ತೆರೆದು ನೋಡಿ, ನಿಮ್ಮ ಪಿಜಿ ಯಾವ ಬಣ್ಣದಲ್ಲಿದೆ ಎಂದು. ಇದೂ ಸಂಶೋಧನೆಯೇ. ನೇರ ಸದ್ದು ಮುದ್ರಿಸುವುದಾದರೆ ಏರ್ ಶೋ ಇರುವ ವರ್ಷದ ಫೆಬ್ರವರಿಯನ್ನು ಬಿಟ್ಟುಬಿಡಿ. ಅಭ್ಯಾಸದ ಜೆಟ್ಟುಗಳ ಕೆಳಗೆ ಏಕತಾರಿ ಕೇಳಿಸುವುದಿಲ್ಲ. ರೈಲ್ವೆ ಸ್ಟೇಷನ್, ಗಾಲಿ ಕಾರ್ಖಾನೆ, ಕೆರೆ ಏರಿ, ಎಲ್ಲಕ್ಕೂ ಒಬ್ಬೊಬ್ಬ ಧಣಿ ಇದ್ದಾನೆ. ಮೊದಲು ಕಾಗದ, ಆಮೇಲೆ ಕ್ಯಾಮೆರಾ.

ಮುಂದಿನ ಸೆಮಿಸ್ಟರಿಗೆ ಹೆಬ್ಬಾಳದ ಟ್ರಾಫಿಕ್ ಮೇಲೆ ಕನ್ನಡ ರ‍್ಯಾಪ್ ಮಾಡುತ್ತೇವೆ ಅಂದಿರಲ್ಲ, ಅದಕ್ಕೊಂದು ಸುಳಿವು ಕೊಡುತ್ತೇನೆ. ಹೆಬ್ಬಾಳದಲ್ಲಿ 2018ರಲ್ಲಿ ಒಂದು ವೀರಗಲ್ಲು ಸಿಕ್ಕಿತು. ಸುಮಾರು ಕ್ರಿ.ಶ. 750ರದು, ಗಂಗರ ಶ್ರೀಪುರುಷನ ಕಾಲ. ಊರಿನ ಮೇಲೆ ಬಂದ ದಾಳಿಯಲ್ಲಿ ಹೋರಾಡಿ ಸತ್ತ ಕಿತ್ತಯ್ಯ ಎಂಬ ಕನ್ನಡಿಗನ ಹೆಸರು ಅದರಲ್ಲಿದೆ. ಬೆಂಗಳೂರು ಎಂಬ ಪೇಟೆಯನ್ನು ನಮ್ಮ ಯಲಹಂಕದ ಕೆಂಪೇಗೌಡರು 1537ರಲ್ಲಿ ಕಟ್ಟುವುದಕ್ಕೆ ಸುಮಾರು ಎಂಟು ನೂರು ವರ್ಷ ಮುಂಚಿನ ಹೆಸರು ಅದು. ಮೇಲ್ಸೇತುವೆಯ ಮೇಲೆ ಸಿಗ್ನಲ್ಲಿಗೆ ಶಾಪ ಹಾಕುವ ರ‍್ಯಾಪು ಬೇಕಾದಷ್ಟಿವೆ. ಕಿತ್ತಯ್ಯ ಆ ಸೇತುವೆಯ ಕೆಳಗಿನಿಂದ ಮಾತಾಡುವ ರ‍್ಯಾಪು ನಾನಿನ್ನೂ ಕೇಳಿಲ್ಲ.

ಕೊನೆಯದಾಗಿ ಹಕ್ಕಿನ ಲೆಕ್ಕ. ಷರೀಫರ ಪದಕ್ಕೆ ಯಾರ ಅಪ್ಪಣೆಯೂ ಬೇಡ. ನಮ್ಮ ದೇಶದ ಕಾನೂನಿನಲ್ಲಿ ಬರೆದವರು ತೀರಿಕೊಂಡ 60 ವರ್ಷದ ಮೇಲೆ ಕೃತಿ ಎಲ್ಲರದು. ಆದರೆ ನೀವು ಫೋನಿನಲ್ಲಿ ಕೇಳಿಸಿದ್ದು ಅಶ್ವತ್ಥರು ಹಾಕಿದ ರಾಗ. ಅವರು ತೀರಿಕೊಂಡದ್ದು 2009ರಲ್ಲಿ. ಆ ರಾಗದ ಹಕ್ಕು 2069ರವರೆಗೆ ಇರುತ್ತದೆ. ಮುದ್ರಣದ ಹಕ್ಕು ಬೇರೆ, ಅದು ಕಂಪನಿಯದು. ಒಂದೇ ಹಾಡಿನಲ್ಲಿ ಮೂರು ಬೀಗ, ತೆರೆದಿರುವುದು ಒಂದು ಮಾತ್ರ. ತರಗತಿಯಲ್ಲಿ ತೋರಿಸುವುದು ಒಂದು ಮಾತು, ಯೂಟ್ಯೂಬಿಗೆ ಹಾಕುವುದು ಬೇರೆಯೇ ಮಾತು. ಅದಕ್ಕಿಂತ ನಿಮ್ಮಲ್ಲಿ ಹಾಡಬಲ್ಲವರಿದ್ದಾರೆ. ತತ್ವಪದ ಹಾಡುವ ಹಿರಿಯರೊಬ್ಬರನ್ನು ಕಂಡು ಪಾಠ ಹೇಳಿಸಿಕೊಂಡು ನೀವೇ ಹೊಸದಾಗಿ ರಾಗ ಹಾಕಿ ಹಾಡಿ. ಅವರ ಹೆಸರನ್ನು, ಅವರು ಒಪ್ಪಿದರೆ, ಟೈಟಲ್ಲಿನಲ್ಲಿ ಹಾಕಿ. ಅವರ ಮನೆಗೆ ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ. ಬಾಗಿಲಲ್ಲೇ ಫೋನ್ ಹಿಡಿದು ರೆಕಾರ್ಡ್ ಒತ್ತಬೇಡಿ. ಮೊದಲ ಭೇಟಿ ಮಾತಿಗೆ, ಎರಡನೆಯದು ಕೇಳುವುದಕ್ಕೆ, ಮೂರನೆಯದು ಕ್ಯಾಮೆರಾಕ್ಕೆ.

ಇದಕ್ಕೆಲ್ಲ ಒಂದು ನೋಟ್‌ಬುಕ್ ಇಡಿ. ಪ್ರತಿ ಶಾಟಿನ ಎದುರು ಒಂದೇ ಸಾಲು ಬರೆಯಿರಿ: ಇದು ಎಲ್ಲಿಂದ ಬಂತು? ನಿಘಂಟಿನಿಂದ, ಅಜ್ಜಿಯ ಬಾಯಿಂದ, ಮೂರ್ತಿಯವರಿಂದ, ಕೆರೆ ಏರಿಯಲ್ಲಿ ಬೆಳಗ್ಗೆ ಕಂಡದ್ದರಿಂದ. ಯಾವ ಶಾಟಿನ ಮುಂದೆ "ಚೆನ್ನಾಗಿ ಕಾಣುತ್ತೆ ಅಂತ" ಎಂದಷ್ಟೇ ಬರೆಯಲಾಗುತ್ತದೋ ಅದನ್ನು ಹೊಡೆದು ಹಾಕಿ. ನಿಮ್ಮ ಪಟ್ಟಿಯಲ್ಲಿ ಈಗ 42 ಶಾಟಿದೆ. ಹದಿನೈದು ಉಳಿದರೆ ನಾನು ಸಂತೋಷಪಡುತ್ತೇನೆ.

ಸಮಯ ಎಲ್ಲಿದೆ ಅಂಕಲ್ ಎನ್ನುತ್ತೀರಿ. ಶೂಟಿಂಗಿಗೆ ಇನ್ನೂ ಐದು ವಾರವಿದೆ, ಮೂರು ವಾರ ಓದಿಗೆ ಕೊಡಿ. ಮಾಳಿಗೆಗೆ ಮಣ್ಣು ಹಾಕುವುದು ಮಳೆ ಬರುವ ಮೊದಲೇ. ಸೋರಲು ಶುರುವಾದ ಮೇಲೆ ಮಾಳಿಗೆ ಹತ್ತಿ ಪ್ರಯೋಜನವಿಲ್ಲ. ಈ ಭಾನುವಾರ ಹತ್ತು ಗಂಟೆಗೆ ಬನ್ನಿ, ತಿಂಡಿ ಇಲ್ಲೇ. ಕ್ಯಾಮೆರಾ ಪಿಜಿಯಲ್ಲೇ ಇರಲಿ, ನೋಟ್‌ಬುಕ್ ತನ್ನಿ.